ನ್ಯೂಜೆರ್ಸಿಯಲ್ಲಿ ಹಳೆ ಮನೆ ಕೊಳ್ಳುತ್ತಿದ್ದೀರಾ? ಮಣ್ಣಿನ ರಿಪೋರ್ಟ್ ಕೇಳಿ

ನ್ಯೂಜೆರ್ಸಿಯಲ್ಲಿ ಹಳೆ ಮನೆ ನೋಡಲು ಹೋದರೆ ಈ ಮಾತು ಕಿವಿಗೆ ಬೀಳುತ್ತದೆ: "ಆಯಿಲ್ ಟ್ಯಾಂಕ್ ಇತ್ತು, ತೆಗೆಸಿದ್ದೇವೆ, ಟೌನ್ ಪರ್ಮಿಟ್ ಕೂಡ ಕ್ಲೋಸ್ ಆಗಿದೆ." ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಡಿ. ಆ ಕಾಗದ ಟ್ಯಾಂಕ್ ಹೋಗಿದೆ ಅನ್ನುತ್ತದೆ. ಮಣ್ಣಿನ ಬಗ್ಗೆ ಏನೂ ಹೇಳುವುದಿಲ್ಲ.

ಗ್ಯಾಸ್ ಲೈನ್ ಬರುವ ಮೊದಲು ಇಲ್ಲಿ ಎಷ್ಟೋ ಮನೆಗಳು ಚಳಿಗಾಲಕ್ಕೆ ನಂಬಿದ್ದು ಹೀಟಿಂಗ್ ಆಯಿಲನ್ನು. ಅಂಗಳದಲ್ಲೋ ಹಿತ್ತಲಲ್ಲೋ ಉಕ್ಕಿನ ಟ್ಯಾಂಕ್ ಹೂತು ಅದರಲ್ಲಿ ತುಂಬಿಸುತ್ತಿದ್ದರು. 550 ಗ್ಯಾಲನ್ನಿನವು ಬಹಳ ಕಡೆ ಸಿಗುತ್ತವೆ. ಉಕ್ಕು ತುಕ್ಕು ಹಿಡಿಯುತ್ತದೆ. ಒಂದು ಸಣ್ಣ ತೂತು ಸಾಕು, ವರ್ಷಗಟ್ಟಲೆ ಎಣ್ಣೆ ಸದ್ದಿಲ್ಲದೆ ಇಳಿಯುತ್ತಲೇ ಇರುತ್ತದೆ. ಅಂತರ್ಜಲ ಮುಟ್ಟಿತೆಂದರೆ ಪಕ್ಕದ ಮನೆಯ ಜಾಗಕ್ಕೂ ಹರಡಬಹುದು.

ಪೆಟ್ರೋಲ್ ಬಂಕಿನ ಟ್ಯಾಂಕ್ ಮುಚ್ಚುವಾಗ ಸೋರಿಕೆ ಆಗಿದೆಯೇ ಎಂದು ತಪಾಸಣೆ ಮಾಡಲೇಬೇಕು, ಅದು ಫೆಡರಲ್ ಪರಿಸರ ಸಂಸ್ಥೆ ಇಪಿಎಯ ನಿಯಮ. ಆದರೆ ಮನೆಯನ್ನು ಬಿಸಿಯಾಗಿಡಲು ಎಣ್ಣೆ ತುಂಬಿಡುವ ಟ್ಯಾಂಕ್ ಆ ನಿಯಮದ ಹೊರಗೆ ಉಳಿಯುತ್ತದೆ. ಅದನ್ನು ನೋಡಿಕೊಳ್ಳುವುದು ರಾಜ್ಯ ಮತ್ತು ಟೌನ್. ಟೌನ್ ಕಟ್ಟಡ ಇಲಾಖೆ ಪರ್ಮಿಟ್ ಕೊಡುತ್ತದೆ, ಅದರ ಇನ್ಸ್‌ಪೆಕ್ಟರ್ ಬಂದು ಕಣ್ಣಿಂದ ನೋಡುತ್ತಾರೆ. ಮಣ್ಣನ್ನು ಲ್ಯಾಬಿಗೆ ಕಳಿಸುವುದು ಅವರ ಕೆಲಸವಲ್ಲ. ಹಳೆಯ ಸೋರಿಕೆ ಯಾವಾಗಲೂ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಸಿಗುವುದಿಲ್ಲ.

ಹಾಗಾದರೆ ಸರಿಯಾದ ಪರೀಕ್ಷೆ ಹೇಗಿರುತ್ತದೆ? ಟ್ಯಾಂಕ್ ಖಾಲಿ ಮಾಡಿ, ಒಳಗಿನ ಕೆಸರು ತೆಗೆದು, ಮೇಲಕ್ಕೆತ್ತುತ್ತಾರೆ. ಆಮೇಲೆ ಗುಂಡಿಯ ತಳದಿಂದ, ಟ್ಯಾಂಕ್ ಮಲಗಿದ್ದ ಉದ್ದಕ್ಕೂ ಬೇರೆ ಬೇರೆ ಕಡೆ ಮಣ್ಣು ತೆಗೆಯಬೇಕು. ಪೈಪ್ ಹಾದುಹೋದ ಜಾಗವನ್ನೂ ಬಿಡಬಾರದು. ಎಲ್ಲವನ್ನೂ ಕಲಸಿ ಒಂದೇ ಡಬ್ಬಿಗೆ ತುಂಬಿದರೆ ಕೆಟ್ಟ ಜಾಗದ ಲೆಕ್ಕ ಒಳ್ಳೆ ಮಣ್ಣಿನ ಜೊತೆ ಕರಗಿಹೋಗುತ್ತದೆ. ಸ್ಯಾಂಪಲ್ ತಣ್ಣಗಿಟ್ಟು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವ ಚೀಟಿಯ ಜೊತೆ, ರಾಜ್ಯದ ಮಾನ್ಯತೆ ಇರುವ ಲ್ಯಾಬಿಗೆ ಕಳಿಸಬೇಕು. ಹೀಟಿಂಗ್ ಆಯಿಲಿಗೆ ಇಲ್ಲಿ ಮಾಡುವ ಟೆಸ್ಟ್ ಇಪಿಎಚ್. ಅಂದರೆ ಒಂದು ಕಿಲೋ ಮಣ್ಣಿನಲ್ಲಿ ಎಣ್ಣೆಯ ಅಂಶ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ. ಅದು ಜಾಸ್ತಿ ಬಂದರೆ ಎಣ್ಣೆಯಲ್ಲಿರುವ ನ್ಯಾಫ್ತಲೀನ್‌ನಂಥ ರಾಸಾಯನಿಕಗಳನ್ನೂ ಹುಡುಕುತ್ತಾರೆ. ಪೆಟ್ರೋಲ್ ಟ್ಯಾಂಕಾಗಿದ್ದರೆ ಬೆಂಜೀನ್, ಟೊಲ್ಯೂಯೀನ್ ಮೊದಲಾದವು ಮುಖ್ಯ.

ರಿಪೋರ್ಟ್ ಕೈಗೆ ಬಂದಾಗ ಕೊನೆಯ ಸಾಲು ಮಾತ್ರ ಓದಬೇಡಿ. ಸ್ಯಾಂಪಲ್ ಎಲ್ಲಿಂದ, ಎಷ್ಟು ಆಳದಿಂದ ತೆಗೆದರು ಅನ್ನುವ ನಕ್ಷೆ ನೋಡಿ. ನಕ್ಷೆಯೇ ಇಲ್ಲದ ರಿಪೋರ್ಟನ್ನು ನಾನಂತೂ ನಂಬುವುದಿಲ್ಲ.

ಸೋರಿಕೆ ಸಿಕ್ಕರೆ ಮುಚ್ಚಿಡುವ ಹಾಗಿಲ್ಲ. ರಾಜ್ಯದ ಪರಿಸರ ಇಲಾಖೆಗೆ, ಅಂದರೆ ಡಿಇಪಿಗೆ, ತಕ್ಷಣ ಹಾಟ್‌ಲೈನಿನಲ್ಲಿ ತಿಳಿಸಬೇಕು. ಒಂದು ಕೇಸ್ ನಂಬರ್ ಸಿಗುತ್ತದೆ. ಕೆಟ್ಟ ಮಣ್ಣು ತೆಗೆದು, ಮತ್ತೆ ಪರೀಕ್ಷೆ ಮಾಡಿ, ವರದಿ ಒಪ್ಪಿಗೆಯಾದ ಮೇಲೆ "ನೋ ಫರ್ದರ್ ಆಕ್ಷನ್", ಅಂದರೆ ಇನ್ನೇನೂ ಮಾಡಬೇಕಿಲ್ಲ ಅನ್ನುವ ಪತ್ರ ಬರುತ್ತದೆ. ಸೋರಿದ ಮನೆಯಾದರೆ ನೀವು ಕೇಳಬೇಕಾದ್ದು ಈ ಪತ್ರವನ್ನೇ. ಯಾಕೆಂದರೆ ರಾಜ್ಯದ 1976ರ ಸೋರಿಕೆ ಕಾಯ್ದೆ ಸ್ಪಿಲ್ ಆಕ್ಟ್ ಪ್ರಕಾರ ತಪ್ಪು ಯಾರದು ಎಂದು ನೋಡದೆಯೇ ಹೊಣೆ ಹೊರಿಸಬಹುದು. ಗೊತ್ತಿದ್ದೂ ಕೊಂಡರೆ ಅದು ನಿಮ್ಮ ತಲೆಗೂ ಬರುತ್ತದೆ. ಮನೆಯ ಸಾಮಾನ್ಯ ಇನ್ಶೂರೆನ್ಸ್ ಈ ಖರ್ಚನ್ನು ಕೊಡುತ್ತದೆ ಅಂತ ನಂಬಿ ಕೂರಬೇಡಿ.

ಟ್ಯಾಂಕ್ ಇತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ ಟ್ಯಾಂಕ್ ಸ್ವೀಪ್ ಮಾಡಿಸಿ, ಮೆಟಲ್ ಡಿಟೆಕ್ಟರಿನಿಂದ ನೆಲ ಹುಡುಕುತ್ತಾರೆ. ಗೋಡೆಯ ಪಕ್ಕ ಸುಮ್ನೆ ಎದ್ದು ನಿಂತಿರುವ ಪೈಪ್ ಕಂಡರೂ ಅನುಮಾನಪಡಿ. ಟೌನಿನ ಹಳೆ ಪರ್ಮಿಟ್‌ಗಳನ್ನು ಓಪ್ರಾ ಅರ್ಜಿ, ಅಂದರೆ ಸರ್ಕಾರಿ ದಾಖಲೆ ಕೇಳುವ ಅರ್ಜಿ, ಹಾಕಿ ಪಡೆಯಬಹುದು. ಡಿಇಪಿಯ ಡೇಟಾಮೈನರ್ ವೆಬ್‌ಸೈಟಿನಲ್ಲಿ ವಿಳಾಸ ಹಾಕಿಯೂ ಹುಡುಕಿ.

ಏಜೆಂಟ್ ಮೂಲಕ ಸಹಿಯಾದ ಕಾಂಟ್ರ್ಯಾಕ್ಟಿಗೆ ಅಟಾರ್ನಿ ರಿವ್ಯೂ ಅಂತ, ಅಂದರೆ ವಕೀಲರು ಅದನ್ನು ಪರಿಶೀಲಿಸಲು, ಇಲ್ಲಿ ಮೂರು ಕೆಲಸದ ದಿನಗಳಿರುತ್ತವೆ. ಟ್ಯಾಂಕ್ ಮತ್ತು ಮಣ್ಣಿನ ಷರತ್ತನ್ನು ಆಗಲೇ ವಕೀಲರಿಂದ ಬರೆಸಿ. ಹಳೆ ರಿಪೋರ್ಟ್ ಇಲ್ಲವೆಂದರೆ ಟ್ಯಾಂಕ್ ಇದ್ದ ಜಾಗದಲ್ಲಿ ಹೊಸದಾಗಿ ಕೊರೆದು ಪರೀಕ್ಷಿಸಲು ಸೆಲ್ಲರ್ ಒಪ್ಪಬೇಕು, ಫಲಿತಾಂಶ ಬರುವವರೆಗೆ ಕ್ಲೋಸಿಂಗ್ (ಮನೆ ನಿಮ್ಮ ಹೆಸರಿಗೆ ಆಗುವುದು) ಬೇಡ ಅನ್ನುವುದೂ ಅದರಲ್ಲಿ ಇರಲಿ.