ಸ್ಕ್ವಾಷ್ ಪದದ ಮೂಲ ಹುಡುಕುವ ಕ್ರಮ

ಇಂಡಿ ಲಿಂಬೆ ಬೆಳೆಯುವ ವಿಜಯಪುರ ಜಿಲ್ಲೆಯಲ್ಲಿ ಸ್ಕ್ವಾಷ್ ಅಂದರೆ ಮಕ್ಕಳಿಗೆ ಮೊದಲು ಹೊಳೆಯುವುದು ಲಿಂಬೆರಸದ ಬಾಟಲಿ. ಅದೇ ಪದ ತರಕಾರಿಗಳ ಪಾಠದಲ್ಲಿ ಬಂದಾಗ ‘ಹಿಂಡಿದ ಕಾಯಿ’ ಎಂದು ಅರ್ಥ ಹೇಳುವುದುಂಟು. ಅದು ತಪ್ಪು.

ಮೊದಲು ಇಂಗ್ಲಿಷ್ ನಿಘಂಟಿನಲ್ಲಿ ಪದದ ಮೇಲಿನ ಸಣ್ಣ ಅಂಕಿ ನೋಡಿ. ಕಾಗುಣಿತ ಒಂದೇ, ಮೂಲ ಬೇರೆ ಇದ್ದರೆ 1, 2 ಎಂದು ಬಿಡಿಸಿ ಕೊಟ್ಟಿರುತ್ತಾರೆ. ಜಜ್ಜು ಎಂಬ ಕ್ರಿಯಾಪದ, ಹಣ್ಣಿನ ಪಾನೀಯ, ಗೋಡೆಗೆ ಚೆಂಡು ಹೊಡೆಯುವ ಆಟ ಇವು ಒಂದು ಗುಂಪು. ಇವುಗಳ ಬೇರು ಫ್ರೆಂಚ್ ದಾಟಿ ಲ್ಯಾಟಿನ್‌ಗೆ ಹೋಗುತ್ತದೆ. ಕುಂಬಳ ಜಾತಿಯ ತರಕಾರಿಯದು ಬೇರೆಯೇ ನಮೂದು.

ಆ ಎರಡನೆಯ ನಮೂದಿನ ಮೂಲ ಓದಿ. ಅಲ್ಲಿ ಸಿಗುವುದು ನ್ಯಾರಗ್ಯಾನ್ಸೆಟ್ ಭಾಷೆಯ ‘ಅಸ್ಕುಟಾಸ್ಕ್ವಾಷ್’. ಇದು ಈಗಿನ ಅಮೆರಿಕದ ರೋಡ್ ಐಲೆಂಡ್ ಭಾಗದ ಮೂಲನಿವಾಸಿಗಳ ನುಡಿ. ಬರೀ ‘ಆಲ್ಗಾಂಕಿಯನ್ ಪದ’ ಎಂದು ಬರೆದು ನಿಲ್ಲಿಸಬೇಡಿ. ದ್ರಾವಿಡದ ಹಾಗೆ ಅದೂ ಒಂದು ಭಾಷಾಕುಟುಂಬ, ಅದರೊಳಗೆ ಕ್ರೀ, ಒಜಿಬ್ವೆಯಂಥ ಹಲವು ಭಾಷೆಗಳಿವೆ. ‘ರೆಡ್ ಇಂಡಿಯನ್ ಭಾಷೆ’ ಎಂಬುದಂತೂ ಪೂರ್ತಿ ಬೇಡ. ಅಂಥ ಒಂದು ಭಾಷೆಯೇ ಇಲ್ಲ.

ಇನ್ನು ಪದ ಬಿಡಿಸುವುದು, ಇಲ್ಲೇ ಹೆಚ್ಚು ಸಮಯ ಕೊಡಿ. ‘ಅಸ್ಕ್’ ಅಂದರೆ ಹಸಿ, ಬೇಯಿಸದ್ದು. ಕೊನೆಯ ‘ಅಷ್’ ನಿರ್ಜೀವ ವಸ್ತುಗಳಿಗೆ ಹತ್ತುವ ಬಹುವಚನ ಪ್ರತ್ಯಯ, ನಮ್ಮ ‘ಗಳು’ ಇದ್ದಂತೆ. ಒಟ್ಟು ಅರ್ಥ: ಹಸಿಯಾಗಿ ತಿನ್ನುವಂಥವು. ಇಂಗ್ಲಿಷರು ಪದದ ಮುಂಭಾಗ ಉದುರಿಸಿದರು, ಬಹುವಚನವನ್ನು ಏಕವಚನವೆಂದು ತಿಳಿದು ಮೇಲೆ ತಮ್ಮದೊಂದು ಬಹುವಚನ ಪ್ರತ್ಯಯ ಹಚ್ಚಿದರು. ಸಿಹಿಗುಂಬಳವನ್ನು ಹಸಿಯಾಗಿ ಯಾರು ತಿಂತಾರೆ ಎಂದು ಮಕ್ಕಳು ಕೇಳಿದರೆ, ಈ ಜಾತಿಯಲ್ಲಿ ಬಲಿಯುವ ಮುನ್ನವೇ ಕೊಯ್ದು ತಿನ್ನುವ ಎಳೆಕಾಯಿಗಳೂ ಇವೆ ಎಂದು ಹೇಳಿ.

ಆಮೇಲೆ ದಾಖಲೆಯ ವರ್ಷ. ರೋಡ್ ಐಲೆಂಡಿನಲ್ಲಿ ನೆಲೆಸಿದ್ದ ರಾಜರ್ ವಿಲಿಯಮ್ಸ್ 1643ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಈ ಪದ ಕೊಟ್ಟು, ‘ಬಳ್ಳಿಯ ಸೇಬು’ ಎಂದು ವಿವರಿಸಿದ್ದಾನೆ.

ಕೊನೆಗೆ ಪಕ್ಕದ ಪದಗಳನ್ನು ತಾಳೆ ನೋಡಿ. ‘ಪಂಪ್ಕಿನ್’ ಕೂಡ ಕುಂಬಳವೇ ಆದರೂ ನಿಘಂಟುಗಳು ಅದನ್ನು ಫ್ರೆಂಚ್ ಮೂಲಕ ಗ್ರೀಕ್‌ಗೆ ಒಯ್ಯುತ್ತವೆ. ‘ಅಷ್’ ಕಂಡಲ್ಲೆಲ್ಲ ನ್ಯಾರಗ್ಯಾನ್ಸೆಟ್ ಎನ್ನುವಂತೆಯೂ ಇಲ್ಲ: ‘ವಾಷ್’ ಹಳೆಯ ಇಂಗ್ಲಿಷಿನದೇ. ಆದರೆ ಗೋವಿನಜೋಳದ ಕಾಳು, ಬೀನ್ಸ್ ಕೂಡಿಸಿ ಬೇಯಿಸುವ ‘ಸಕೊಟಾಷ್’ ಅದೇ ನ್ಯಾರಗ್ಯಾನ್ಸೆಟ್ ಭಾಷೆಯಿಂದ ಬಂದ ಪದ, ಕೊನೆಗೆ ಅದೇ ಬಹುವಚನ ಪ್ರತ್ಯಯ. ಅಭ್ಯಾಸಕ್ಕೆ ಅದನ್ನು ಕೊಡಿ.