ಸ್ಕ್ಯಾನ್ ನಾರ್ಮಲ್, ಆದರೂ ಚಕ್ಕರ್: ತಲೆಗೆ ಪೆಟ್ಟು ಬಿದ್ದವರನ್ನು ನಾನು ನೋಡುವ ರೀತಿ

ಬಾಗಲಕೋಟೆಯಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿ ಕೂತರೆ ಕಬ್ಬಿನ ಸೀಸನ್ ಶುರುವಾದದ್ದು ಹೊರಗಿನ ಬೆಂಚು ನೋಡಿದರೇ ಗೊತ್ತಾಗುತ್ತದೆ. ಮುಧೋಳ, ಜಮಖಂಡಿ ಕಡೆಯಿಂದ ಬೈಕಿನಿಂದ ಬಿದ್ದವರು, ಟ್ರಾಲಿ ಮೇಲಿಂದ ಜಾರಿದವರು ಬರುತ್ತಾರೆ. ಕೈಯಲ್ಲಿ ತಲೆಯ ಸಿಟಿ ಸ್ಕ್ಯಾನ್. "ಇದರಾಗ ಏನೂ ಇಲ್ಲಂತ್ರೀ ಸರ, ಆದ್ರ ಚಕ್ಕರ್ ನಿಲ್ಲವಲ್ದು."

ನಾನು ಮೊದಲು ಕೇಳುವುದು ಎರಡೇ. ಯಾವಾಗ ಬರುತ್ತದೆ? ಬಂದರೆ ಎಷ್ಟು ಹೊತ್ತು? "ದಿನಾ ಪೂರ್ತಿ ಐತ್ರಿ" ಅಂತಾರೆ. ಬಿಡಿಸಿ ಕೇಳಿದರೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ಡಬ್ಬಿಗೆ ಕೈ ಹಾಕಿದಾಗ ಅರ್ಧ ನಿಮಿಷ ಕೋಣೆ ಗಿರಗಿರ ತಿರುಗಿ ನಿಂತುಬಿಡುತ್ತದೆ. ಉಳಿದ ಹೊತ್ತು ಇರುವುದು ಅದರ ಹೆದರಿಕೆ, ಜೊತೆಗೆ ಮಾತ್ರೆಯ ಮಂಪರು. ಒಳಕಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೋನೇಟಿನ ಸಣ್ಣ ಹರಳುಗಳಿವೆ. ಪೆಟ್ಟಿಗೆ ಅವು ಕಿತ್ತುಬಂದು ಪಕ್ಕದ ಅರ್ಧವೃತ್ತದ ಕೊಳವೆಗಳಿಗೆ ಸೇರುತ್ತವೆ, ತಲೆ ಅಲುಗಿದಾಗ ಅಲ್ಲಿ ಸರಿದಾಡಿ ಚಕ್ಕರ್ ತರಿಸುತ್ತವೆ. ಸಿಟಿಯಲ್ಲಿ ಅವು ಕಾಣುವುದಿಲ್ಲ.

ಹಾಗಂತ ಬಂದವರನ್ನೆಲ್ಲ ತಕ್ಷಣ ಹರಳಿನ ಪರೀಕ್ಷೆಗೆ ಮಲಗಿಸುವುದಿಲ್ಲ. ಕಿವಿ ಪರದೆಯ ಹಿಂದೆ ರಕ್ತ ಇದೆಯಾ, ಕಿವಿ-ಮೂಗಿನಿಂದ ತಿಳಿ ನೀರು ಇಳಿಯುತ್ತಿದೆಯಾ, ಮುಖ ಸೊಟ್ಟಗಾಗಿದೆಯಾ ನೋಡುತ್ತೇನೆ. 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಇಟ್ಟು, ಆಮೇಲೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಆಡಿಯೋಮೆಟ್ರಿ. ಇದರಲ್ಲಿ ಏನಾದರೂ ಸಿಕ್ಕರೆ ಕಿವಿ ಎಲುಬಿನ ತೆಳು ಪದರದ ಸಿಟಿ ಬೇಕು, ತಲೆಯ ಮಾಮೂಲಿ ಸಿಟಿಯಲ್ಲಿ ಅಲ್ಲಿನ ಬಿರುಕು ತಪ್ಪಿಹೋಗಬಹುದು. ಕೆಮ್ಮಿದಾಗ, ತಿಣುಕಿದಾಗ ಚಕ್ಕರ್ ಬಂದು ಕೇಳಿಸುವುದೂ ಏರುಪೇರಾದರೆ ಒಳಕಿವಿಯ ದ್ರವ ಸೋರುತ್ತಿರಬಹುದು. ಬಿದ್ದ ದಿನದಿಂದ ಬಿಡದೆ ತಿರುಗುತ್ತಾ ಒಂದು ಕಿವಿ ಮಂದವಾಗಿದ್ದರೆ ಒಳಕಿವಿಗೇ ಪೆಟ್ಟಾಗಿದೆ ಅಂತ ಯೋಚಿಸುತ್ತೇನೆ. ಮಾತು ತೊದಲುವುದು, ಎರಡೆರಡು ಕಾಣುವುದು, ಕೈಕಾಲು ಸೋಲುವುದು ಇದ್ದರೆ ನನ್ನ ಟೇಬಲ್ ಬೇಡ, ನೇರ ನ್ಯೂರೋಸರ್ಜನ್. ಕತ್ತಿನ ಎಲುಬಿನ ಬಗ್ಗೆ ಅನುಮಾನ ಇದ್ದರೆ ಕತ್ತು ಮುಟ್ಟುವುದೇ ಇಲ್ಲ.

ಇದೆಲ್ಲ ಆದ ಮೇಲೆ ಹರಳು ಕೊಳವೆಗೆ ಸೇರಿದೆಯಾ ಅಂತ ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ. ಕೂರಿಸಿ, ತಲೆಯನ್ನು 45 ಡಿಗ್ರಿ ಒಂದು ಕಡೆ ತಿರುಗಿಸಿ, ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಬರುವಂತೆ ಸರ್ರನೆ ಮಲಗಿಸುತ್ತೇನೆ. "ಯವ್ವಾ, ಕಣ್ಣ ಮುಚ್ಚಬ್ಯಾಡ." ಇಲ್ಲಿ ತಾಳ್ಮೆ ಬೇಕು. ಮಲಗಿಸಿದ ಕೂಡಲೇ ಏನೂ ಕಾಣುವುದಿಲ್ಲ, ಕೆಲವು ಸೆಕೆಂಡು ಬಿಟ್ಟು ಕಣ್ಣುಗುಡ್ಡೆ ಕೆಳಗಿನ ಕಿವಿಯ ಕಡೆ ಹೊರಳುತ್ತಾ ಮೇಲಕ್ಕೆ ಜಗ್ಗಲು ಶುರುವಾಗುತ್ತದೆ, ನಿಮಿಷದೊಳಗೆ ನಿಲ್ಲುತ್ತದೆ, ಎಬ್ಬಿಸಿ ಕೂರಿಸಿದರೆ ಉಲ್ಟಾ ಜಗ್ಗುತ್ತದೆ, ಮತ್ತೆ ಮಲಗಿಸಿದರೆ ಮೊದಲಿನಷ್ಟು ಜೋರು ಇರುವುದಿಲ್ಲ. ಇಷ್ಟು ಕಂಡರೆ ಹಿಂದಿನ ಕೊಳವೆಯ ಹರಳು, ನನಗೆ ಅನುಮಾನವೇ ಉಳಿಯುವುದಿಲ್ಲ. ಕಣ್ಣು ಬರೀ ಕೆಳಕ್ಕೆ ಜಗ್ಗುತ್ತಾ ನಿಲ್ಲದೇ ಇದ್ದರೆ ಮಾತ್ರ ಮಿದುಳಿನ ಕಡೆ ನೋಡಬೇಕು.

ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್ ಅನ್ನುವ ಚಕ್ಕರ್ ಮಾತ್ರೆ ನುಂಗಿ ಬಂದವರಲ್ಲಿ ಈ ಕಣ್ಣಿನ ಆಟ ಮಂಕಾಗಿಬಿಡುತ್ತದೆ. ಅಂಥವರಿಗೆ ಎರಡು ದಿನ ಮಾತ್ರೆ ನಿಲ್ಲಿಸಿ ಬನ್ನಿ ಅಂತೀನಿ. ತಿಂಗಳುಗಟ್ಟಲೆ ಸುಮ್ನೆ ಈ ಮಾತ್ರೆ ನುಂಗಿಸುವುದು ನನಗೆ ಒಪ್ಪಿಗೆ ಇಲ್ಲ, ಮಾತ್ರೆಯಿಂದ ಹರಳು ವಾಪಸ್ ಹೋಗುವುದಿಲ್ಲವಲ್ಲ.

ಪೆಟ್ಟು ಬಿದ್ದವರಲ್ಲಿ ಇನ್ನೊಂದು ತಕರಾರಿದೆ. ಎರಡೂ ಕಿವಿಯಲ್ಲಿ, ಒಂದಕ್ಕಿಂತ ಜಾಸ್ತಿ ಕೊಳವೆಯಲ್ಲಿ ಹರಳು ಇರುವ ಸಾಧ್ಯತೆ ಹೆಚ್ಚು. ಅದಕ್ಕೇ ಒಂದು ಕಡೆ ಸಿಕ್ಕಿತು ಅಂತ ನಿಲ್ಲಿಸುವುದಿಲ್ಲ. ಇನ್ನೊಂದು ಕಡೆಯೂ ಮಲಗಿಸಿ, ಆಮೇಲೆ ಅಂಗಾತ ಮಲಗಿಸಿ ತಲೆಯನ್ನು ಆಚೀಚೆ ಹೊರಳಿಸಿ ಅಡ್ಡ ಕೊಳವೆಯನ್ನೂ ನೋಡುತ್ತೇನೆ. ಹಿಂದಿನ ಕೊಳವೆಯದ್ದಾದರೆ ಅಲ್ಲೇ ಎಪ್ಲಿ ವಿಧಾನದಲ್ಲಿ ತಲೆ ತಿರುಗಿಸಿ ಹರಳನ್ನು ಕೊಳವೆಯಿಂದ ಅದರ ಮೊದಲಿನ ಜಾಗಕ್ಕೆ ವಾಪಸ್ ಕಳಿಸುತ್ತೇನೆ, ವಾರ ಬಿಟ್ಟು ಮತ್ತೆ ಪರೀಕ್ಷೆ.

ಜಗಳ ಆಗುವುದು ಆ ವಾರದಲ್ಲೇ. "ಸೀಸನ್ ಐತ್ರೀ ಸರ, ಟ್ರ್ಯಾಕ್ಟರ್ ನಿಲ್ಲಿಸಿದ್ರ ಹೆಂಗ್ರಿ?" ಅಂತಾರೆ. ಮರುಪರೀಕ್ಷೆಯಲ್ಲಿ ಕಣ್ಣು ಅಲುಗದೆ ನಿಲ್ಲುವ ತನಕ ಸ್ಟೇರಿಂಗೂ ಬೇಡ, ಟ್ರಾಲಿ ಹತ್ತುವುದೂ ಬೇಡ ಅಂತ ಚೀಟಿಯಲ್ಲೇ ಬರೆದುಕೊಡುತ್ತೇನೆ, ಮಾಲೀಕರಿಗೆ ತೋರಿಸಲು ಬೇಕಾಗುತ್ತದೆ.