ಏಟು ತಲೆಗೆ, ಜ್ವರ ಮೈಗೆ

ನ್ಯೂರೋ ಐಸಿಯುಗೆ ನರ್ಸ್ ಆಗಿ ಸೇರಿದ ಹೊಸದರಲ್ಲಿ ನನಗೆ ಜ್ವರ ಅಂದ್ರೆ ಸೋಂಕು, ಅಷ್ಟೇ. ಥರ್ಮಾಮೀಟರ್ 101 ದಾಟಿದರೆ ಸಾಕು, ಡ್ಯೂಟಿ ಡಾಕ್ಟರ್‌ಗೆ ಫೋನ್: "ಸರ್, ಆಂಟಿಬಯಾಟಿಕ್ ಬದಲಾಯಿಸ್ತೀರಾ?"

ಆ ಚಾಳಿ ಬಿಡಿಸಿದ್ದು ಮಾಗಡಿ ರೋಡಿನಲ್ಲಿ ಬೈಕಿನಿಂದ ಬಿದ್ದು ಬಂದ ಹುಡುಗ. ಹೆಲ್ಮೆಟ್ ಇತ್ತು, ಪಟ್ಟಿ ಬಿಗಿದಿರಲಿಲ್ಲ. ಎರಡನೇ ದಿನ 102 ಡಿಗ್ರಿ ಜ್ವರ, ಬಿಳಿ ರಕ್ತಕಣ 18 ಸಾವಿರ, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಪ್ರೋಟೀನೂ ಜಾಸ್ತಿ. ರಕ್ತ, ಮೂತ್ರ, ಕಫ ಮೂರನ್ನೂ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಯುತ್ತಾ ಅಂತ ನೋಡೋ ಪರೀಕ್ಷೆಗೆ, ಕಳಿಸಿದೆವು. ಯಾವುದರಲ್ಲೂ ಏನೂ ಬೆಳೆಯಲಿಲ್ಲ. "ಪೆಟ್ಟು ತಲೆಗೆ ತಾನೆ ಸಿಸ್ಟರ್? ಮೈಯೆಲ್ಲಾ ಯಾಕೆ ಹಂಚಿನ ಥರ ಕಾದಿದೆ?" ಅಂದರು ಅವನ ತಾಯಿ.

ಮಿದುಳಿನಲ್ಲಿ ಮೈಕ್ರೋಗ್ಲಿಯಾ ಅಂತ ಕಾವಲು ಕೋಶಗಳಿವೆ. ಏಟು ಬಿದ್ದ ಕೂಡಲೇ ಅವು ಎದ್ದು ಐಎಲ್-1, ಐಎಲ್-6, ಟಿಎನ್‌ಎಫ್‌ನಂಥ, ಉರಿಯೂತದ ಸುದ್ದಿ ಒಯ್ಯುವ ವಸ್ತುಗಳನ್ನು ಬಿಡುತ್ತವೆ. ಮಿದುಳಿಗೂ ರಕ್ತಕ್ಕೂ ನಡುವೆ ಇರುವ ತಡೆ ಆಗ ಸಡಿಲ. ಸುದ್ದಿ ಲಿವರ್‌ಗೆ ಮುಟ್ಟುತ್ತದೆ, ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಮೈ ಕಾಯುತ್ತದೆ, ಶುಗರ್ ಏರುತ್ತದೆ, ಕೆಲವರಿಗೆ ಶ್ವಾಸಕೋಶದಲ್ಲಿ ನೀರೂ ತುಂಬುತ್ತದೆ. ಆ ತಾಯಿಗೆ ಇಷ್ಟೇ ಹೇಳಿದೆ: "ಅಡುಗೆಮನೇಲಿ ಒಗ್ಗರಣೆ ಸೀದರೆ ಹಾಲ್‌ನಲ್ಲಿ ಕೂತವರಿಗೂ ಕೆಮ್ಮು ಬರುತ್ತಲ್ವಾ ಅಮ್ಮ, ಹಾಗೆ."

ಹಾಗಾದರೆ ಊತ ಇಳಿಸೋ ಸ್ಟೀರಾಯ್ಡ್ ಕೊಡಿ ಅಂತ ಅವನ ಮಾವ ಪಟ್ಟು ಹಿಡಿದರು. ಕೇಳೋಕೆ ಸರಿ ಅನಿಸುತ್ತೆ. ಆದರೆ 2004ರಲ್ಲಿ ಬಂದ ಕ್ರ್ಯಾಶ್ ಅನ್ನೋ ಅಧ್ಯಯನದಲ್ಲಿ, ತಲೆಗೆ ಪೆಟ್ಟಾದ 10 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ, ಸ್ಟೀರಾಯ್ಡ್ ಪಡೆದವರೇ ಜಾಸ್ತಿ ಸತ್ತಿದ್ದರು.

ನಾನು ಮಾಡಿದ ತಪ್ಪೂ ಹೇಳಬೇಕು. ಬೇಗ ಜ್ವರ ಇಳಿಯಲಿ ಅಂತ ಕಂಕುಳು, ತೊಡೆಸಂದಿಗೆ ಐಸ್ ಪ್ಯಾಕ್ ತುಂಬಿಬಿಟ್ಟೆ. ಮಾನಿಟರ್‌ನಲ್ಲಿ ಇಸಿಜಿ ಗೆರೆ ಥರಥರ ಅಲುಗಿತು. ವೈರ್ ಸಡಿಲ ಅಂದುಕೊಂಡೆ. ಸೀನಿಯರ್ ಸಿಸ್ಟರ್ ಬಂದು ನನ್ನ ಕೈಯನ್ನೇ ಹುಡುಗನ ದವಡೆ ಮೇಲೆ ಇಡಿಸಿದರು. ಸಣ್ಣಗೆ ನಡುಗುತ್ತಿತ್ತು. ನಡುಕ ಆಮ್ಲಜನಕ ತಿನ್ನುತ್ತದೆ, ಮಿದುಳಿಗೆ ಅದೇ ಕೊರತೆ.

ಈಗ ಪ್ಯಾರಸಿಟಮಾಲ್ ಮೊದಲು, ನಿಧಾನವಾಗಿ ತಂಪು, ಗಂಟೆಗೊಮ್ಮೆ ದವಡೆ ಮುಟ್ಟಿ ನೋಡುತ್ತೇನೆ. ಕಾರಣ ಯಾವುದೇ ಇರಲಿ, ಜ್ವರ ಇಳಿಸೋಕೆ ಕಲ್ಚರ್ ರಿಪೋರ್ಟಿಗೆ ಕಾಯುವುದಿಲ್ಲ. ಸೋಂಕನ್ನೂ ಸುಮ್ನೆ ತಳ್ಳಿಹಾಕುವುದಿಲ್ಲ. ವೆಂಟಿಲೇಟರ್ ಮೇಲಿರುವವರಿಗೆ ದಿನ ಕಳೆದಂತೆ ನ್ಯುಮೋನಿಯಾ ಭಯ ಇದ್ದೇ ಇರುತ್ತದೆ. ಆ ಹುಡುಗನಿಗೂ ಐದನೇ ದಿನ ಕಫ ಹಳದಿ ತಿರುಗಿತು. ಆಗ ಫೋನ್ ಮಾಡಿದೆ.